ಜುಲೈ ಬೇಡ ಎಂದರೆ ಬೇಡ

ಫಿಲಡೆಲ್ಫಿಯಾ
ಮಾರ್ಚ್ 9, 1981

ನೆಡ್ರಾ ಅಕ್ಕನಿಗೆ,

ಕೊನೆಗೂ ಬರೆಯುವಂಥ ಒಂದು ಸುದ್ದಿ ಇದೆ. ಇಷ್ಟು ವರ್ಷ ಬೂಟು, ಬಾಣಲೆ, ಇಸ್ತ್ರಿಪೆಟ್ಟಿಗೆಗಳ ಫೋಟೋ ತೆಗೆದು ಅಂಗಡಿಗಳ ಕ್ಯಾಟಲಾಗು ತುಂಬಿಸಿದ ನಿನ್ನ ತಮ್ಮನಿಗೆ ಒಂದು ಪುಸ್ತಕದಲ್ಲಿ ಜಾಗ ಸಿಕ್ಕಿದೆ. ಮರುಭೂಮಿಯ ಕಣಿವೆ ಉದ್ಯಾನಗಳ ಮೇಲೆ ದೊಡ್ಡ ಅಳತೆಯ ಬಣ್ಣದ ಪುಸ್ತಕ. ಒಬ್ಬೊಬ್ಬ ಫೋಟೋಗ್ರಾಫರನಿಗೆ ಒಂದೊಂದು ಕಣಿವೆ ಹಂಚಿದ್ದಾರೆ. ನಮ್ಮ ಸ್ಪೂನ್ ಕಣಿವೆ ನನ್ನ ಪಾಲು. ನಾನು ಬಿಟರ್‌ವೆಲ್‌ನಲ್ಲೇ ಹುಟ್ಟಿದವನು ಎಂದೊಡನೆ ಪ್ರಕಾಶಕರು ಬೇರೆ ಯಾರನ್ನೂ ಕೇಳಲಿಲ್ಲ.

ಜುಲೈ ಎರಡನೇ ವಾರ ಬರುತ್ತೇನೆ. ನಿನ್ನ ಮೋಟೆಲಿನ ಹಿಂದಿನ ಸಾಲಿನಲ್ಲಿ, ಐಸ್ ಯಂತ್ರದ ಗೊರಗೊರ ಕೇಳದ ಕೋಣೆ ನನಗಾಗಿ ಇಡು. ಕಣಿವೆಯ ಕೊನೆಗೆ ಗೋಡೆಗಳು ಹತ್ತಿರವಾಗಿ ಸಂದಿನಂತಾಗುತ್ತವಲ್ಲ, ಅಲ್ಲಿ ನಡುಹಗಲಲ್ಲಿ ನೆತ್ತಿಯಿಂದ ನೆಲದವರೆಗೆ ಬಿಸಿಲು ಕಂಬದ ಹಾಗೆ ನಿಲ್ಲುತ್ತದೆ. ನನಗೆ ಅದೇ ಬೇಕು. ಸೂರ್ಯ ನೆತ್ತಿಗೆ ಬರುವ ಬೇಸಿಗೆಯಲ್ಲಿ ಮಾತ್ರ ಸಿಗುವಂಥದ್ದು.

ಫೋನ್ ಮಾಡೋಣ ಎಂದುಕೊಂಡೆ. ಆದರೆ ನಿನ್ನ ಫೋನು ಕೌಂಟರಿನ ಮೇಲಿದೆ, ನಾನು ಒಂದು ಮಾತು ಹೇಳಿದರೆ ನೀನು ಮೂರು ಜನಕ್ಕೆ ಕೋಣೆಯ ಕೀಲಿ ಕೊಟ್ಟು ಬಂದು "ಏನಂದೆ?" ಎನ್ನುತ್ತೀಯ. ಪತ್ರವೇ ವಾಸಿ.

ನಿನ್ನ
ಥೇನ್

&nbsp;

ಬಿಟರ್‌ವೆಲ್, ಯೂಟಾ
ಮಾರ್ಚ್ 17, 1981

ಥೇನ್,

ಪುಸ್ತಕದ ಸುದ್ದಿ ಓದಿ ಹಿಗ್ಗಿದೆ. ಮುಂದಿನ ಪ್ಯಾರಾ ಓದಿ ತಲೆ ಚಚ್ಚಿಕೊಂಡೆ.

ಜುಲೈ? ಇಲ್ಲೇ ಹುಟ್ಟಿದವನು ಎಂದು ಪ್ರಕಾಶಕರಿಗೆ ಹೇಳಿದೆಯಂತೆ. ಹುಟ್ಟಿದ ಮೇಲೆ ಏನೂ ಕಲಿಯಲಿಲ್ಲ ಎನ್ನುವುದನ್ನೂ ಹೇಳಿಬಿಡಬೇಕಿತ್ತು.

ಜುಲೈನಲ್ಲಿ ಇಲ್ಲಿಯ ಆಕಾಶ ಒಗೆದೊಗೆದು ಬಣ್ಣ ಹೋದ ಬೆಡ್‌ಶೀಟಿನ ಹಾಗಿರುತ್ತದೆ. ಬಂಡೆಗಳ ಕೆಂಪೆಲ್ಲ ಸತ್ತು ಮಸುಕಾಗಿರುತ್ತದೆ. ಮೋಟೆಲಿನ ಒಂದೊಂದು ಕೋಣೆಯಲ್ಲೂ ಒಂದೊಂದು ಸಂಸಾರ, ಮೆಟ್ಟಿಲ ತುಂಬ ಕಲ್ಲಂಗಡಿ ಬೀಜ. ಮಧ್ಯಾಹ್ನವಾಗುತ್ತಲೇ ಪ್ರಸ್ಥಭೂಮಿಯ ಮೇಲೆ ಮೋಡ ಕಟ್ಟುತ್ತದೆ. ಮಳೆ ಬೀಳುವುದು ಅಲ್ಲೆಲ್ಲೋ, ನಿನ್ನ ಕಣ್ಣಿಗೆ ಕಾಣದ ಜಾಗದಲ್ಲಿ. ನಿನ್ನ ತಲೆಯ ಮೇಲೆ ಬಿಸಿಲೇ ಇರುತ್ತದೆ. ನೀರು ಮಾತ್ರ ಸಂದಿನೊಳಗೆ ಮರದ ದಿಮ್ಮಿಗಳನ್ನು ಹೊತ್ತುಕೊಂಡು ಗೋಡೆಯ ಹಾಗೆ ಬರುತ್ತದೆ. ಓಡಲು ಅಲ್ಲಿ ಜಾಗವೆಲ್ಲಿದೆ? ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ.

ಅಕ್ಟೋಬರ್ ಕೊನೆಗೆ ಬಾ. ಕಾಟನ್‌ವುಡ್ ಮರಗಳೆಲ್ಲ ಹಳದಿ ತಿರುಗಿರುತ್ತವೆ. ಬಿಸಿಲು ಓರೆಯಾಗಿ ಒಂದು ಗೋಡೆಗೆ ಬಿದ್ದರೆ ಎದುರಿನ ಗೋಡೆ ತಾನಾಗಿಯೇ ಕೆಂಡದ ಹಾಗೆ ಹೊಳೆಯುತ್ತದೆ. ಜನರಿಲ್ಲ, ನೊಣವಿಲ್ಲ, ಪ್ರವಾಹವಿಲ್ಲ. ನನ್ನ ಮಾತು ಬೇಡವಾದರೆ ಡೆಲ್ಮಾರನ್ನು ಕೇಳು. ಉದ್ಯಾನದಲ್ಲಿ ಜನ್ಮವಿಡೀ ರೇಂಜರ್ ಆಗಿದ್ದವನು, ನಿವೃತ್ತಿಯಾದ ಮೇಲೆ ನನ್ನ ನಲ್ಲಿಗಳನ್ನು ರಿಪೇರಿ ಮಾಡಿಕೊಂಡಿದ್ದಾನೆ. ಅವನೂ ಅಕ್ಟೋಬರ್ ಅಂತಲೇ ಹೇಳುತ್ತಾನೆ.

ಹೆಂಡತಿಯನ್ನು ಬಿಟ್ಟು ಬರಬೇಡ, ಲೆನೋರಾಳನ್ನೂ ಕರೆದುಕೊಂಡು ಬಾ. ಹಿಂದಿನ ಸಲ ಟವೆಲು ಒರಟು ಎಂದು ಮುಖ ಸಿಂಡರಿಸಿದ್ದಳಲ್ಲ, ಹೊಸ ಟವೆಲು ತರಿಸಿದ್ದೇನೆ ಎಂದು ಮಹಾರಾಣಿಗೆ ತಿಳಿಸು.

ನೆಡ್ರಾ

&nbsp;

ಫಿಲಡೆಲ್ಫಿಯಾ
ಏಪ್ರಿಲ್ 2, 1981

ಅಕ್ಕ,

ನನಗೆ ನಲವತ್ತಾರು ವರ್ಷ. ನೀನು ಬರೆಯುವುದು ನೋಡಿದರೆ ಇನ್ನೂ ನನ್ನ ಮೂಗು ಒರೆಸಲು ಕರವಸ್ತ್ರ ಹಿಡಿದು ನಿಂತಿದ್ದೀಯ ಎನಿಸುತ್ತದೆ.

ಅಕ್ಟೋಬರಿನಲ್ಲಿ ಸೂರ್ಯ ಕೆಳಗಿಳಿದಿರುತ್ತಾನೆ. ಬಿಸಿಲ ಕಂಬ ಸಂದಿನ ತಳ ಮುಟ್ಟುವುದಿಲ್ಲ. ಗೋಡೆ ಹೊಳೆಯುವ ಫೋಟೋಗಳನ್ನು ಎಲ್ಲರೂ ತೆಗೆದಿದ್ದಾರೆ, ಬ್ಯಾಂಕಿನ ಕ್ಯಾಲೆಂಡರುಗಳಲ್ಲೆಲ್ಲ ಅವೇ ಇವೆ. ಅದೂ ಅಲ್ಲದೆ ಸೆಪ್ಟೆಂಬರಿನೊಳಗೆ ಚಿತ್ರಗಳು ಪ್ರಕಾಶಕರ ಕೈಗೆ ಸೇರಬೇಕು. ಅವರು ಗಡುವು ಕೊಟ್ಟಿದ್ದಾರೆ. ಎಲೆ ಯಾವಾಗ ಹಳದಿಯಾಗುತ್ತದೆ ಎಂದು ಅಚ್ಚಿನ ಯಂತ್ರ ಕಾಯುವುದಿಲ್ಲ.

ಪ್ರವಾಹದ ವಿಷಯ ನನಗೂ ಗೊತ್ತು. ಮೋಡ ನೋಡಿ ಹೊರಗೆ ಬರುವಷ್ಟು ಬುದ್ಧಿ ದೇವರು ನನಗೂ ಕೊಟ್ಟಿದ್ದಾನೆ.

ಟವೆಲಿನ ಮಾತು ಬಿಡು. ಲೆನೋರಾ ಬರುವುದಿಲ್ಲ. ಅವಳಿಗೆ ಕೆಲಸವಿದೆ.

ಥೇನ್

&nbsp;

ಬಿಟರ್‌ವೆಲ್
ಏಪ್ರಿಲ್ 14, 1981

ಥೇನ್,

ನಾಲ್ಕು ದಿನದಿಂದ ಗಾಳಿ. ಹಿಟ್ಟಿನಲ್ಲಿ ಮರಳು, ಹಾಸಿಗೆಯಲ್ಲಿ ಮರಳು, ನಿನ್ನ ಪತ್ರ ತೆರೆದರೆ ಅದರಲ್ಲೂ ಮರಳು. ಈಗ ಬಾ ಎಂದು ಹೇಳದಿರಲು ಇದೇ ಕಾರಣ. ವಸಂತ ಚೆನ್ನ ಎಂದು ನಂಬಿ ಬರುವ ಫೋಟೋಗ್ರಾಫರುಗಳು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನನ್ನ ಊಟದ ಕೋಣೆಯಲ್ಲಿ ಕೂತು ಶಾಪ ಹಾಕುತ್ತಾರೆ. ಹೊಳೆಯಲ್ಲಿ ಹಿಮ ಕರಗಿದ ನೀರು ಬೇರೆ ತುಂಬಿದೆ.

ನಾನೂ ಸ್ವಲ್ಪ ಬಗ್ಗುತ್ತೇನೆ. ಮೇ ತಿಂಗಳ ಕೊನೆಗೆ ಬಾ. ಗಾಳಿ ತಗ್ಗಿರುತ್ತದೆ, ಕಳ್ಳಿ ಹೂ ಬಿಟ್ಟಿರುತ್ತದೆ, ನಿನ್ನ ಕಂಬವೂ ಸಿಗುತ್ತದೆ. ಮೋಡಗಳು ಇನ್ನೂ ಬಂದಿರುವುದಿಲ್ಲ. ಇದಕ್ಕಿಂತ ಬಗ್ಗಿದರೆ ಸೊಂಟ ಮುರಿಯುತ್ತದೆ.

ಅಂದ ಹಾಗೆ, ಲೆನೋರಾ ಶಾಲೆಯ ಟೀಚರ್. ಜುಲೈನಲ್ಲಿ ಶಾಲೆಗೆ ರಜೆ. ಜುಲೈನಲ್ಲಿ ಟೀಚರಿಗೆ ಅದೆಂಥ ಕೆಲಸ? ನಮ್ಮ ಮೋಟೆಲು ಅವಳ ಅಂತಸ್ತಿಗೆ ಕಡಿಮೆ ಎಂದು ನೇರವಾಗಿ ಹೇಳಲಿ, ನಾನೇನೂ ಕರಗಿಹೋಗುವುದಿಲ್ಲ.

ನೆಡ್ರಾ

&nbsp;

ಫಿಲಡೆಲ್ಫಿಯಾ
ಜೂನ್ 22, 1981

ಅಕ್ಕ,

ಮೇ ತಿಂಗಳಲ್ಲಿ ಆಗಲಿಲ್ಲ. ಯಾಕೆಂದು ಕೇಳಬೇಡ.

ಜುಲೈ 11, ಶನಿವಾರ ಬರುತ್ತಿದ್ದೇನೆ. ಕೋಣೆ ಖಾಲಿ ಇಲ್ಲದಿದ್ದರೆ ಕಾರಿನಲ್ಲಿ ಮಲಗುತ್ತೇನೆ. ನಿನ್ನ ಚರ್ಚಿನವರು ಕಾಫಿ ಮುಟ್ಟಬಾರದೆಂಬ ನಿಯಮ ನನಗೆ ಗೊತ್ತು, ನನ್ನ ಕಾಫಿ ನಾನೇ ತರುತ್ತೇನೆ. ನೀನು ಮುಖ ಆ ಕಡೆ ತಿರುಗಿಸಿಕೊಂಡರೆ ಸಾಕು.

ಥೇನ್

&nbsp;

ನೆಬ್ರಾಸ್ಕಾದ ಯಾವುದೋ ಹೆದ್ದಾರಿ ಪಕ್ಕದ ಹೋಟೆಲು
ಜುಲೈ 18, 1981

ನೆಡ್ರಾ,

ಎರಡು ದಿನದಿಂದ ಕಾರು ಓಡಿಸುತ್ತ ಈ ಪತ್ರವನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೇನೆ. ಮನಸ್ಸಿನಲ್ಲಿ ಬರೆದದ್ದು ಇದಕ್ಕಿಂತ ಕೆಟ್ಟದಾಗಿತ್ತು.

ಮೊದಲ ನಾಲ್ಕು ದಿನ ಆಕಾಶ ನೀನು ಹೇಳಿದ ಹಾಗೇ ಇತ್ತು. ಬಿಳಿ. ನಾನು ಒಪ್ಪಿಕೊಂಡೆ, ನೀನು ಬಾಯಿ ಮುಚ್ಚಿಕೊಂಡು ಗೆದ್ದ ಮುಖ ಮಾಡಿದೆ, ಅದನ್ನೂ ಸಹಿಸಿದೆ. ಗುರುವಾರ ಬೆಳಿಗ್ಗೆ ಎದ್ದರೆ ಗಾಜಿನಂಥ ಆಕಾಶ. ಇಡೀ ವಾರ ಕಾದಿದ್ದ ದಿನ. ಟ್ರೈಪಾಡು, ಫಿಲ್ಮು, ನೀರು ಎಲ್ಲ ಜೋಡಿಸಿಕೊಂಡು ಊಟದ ಕೋಣೆಗೆ ಬಂದರೆ ಮೇಜಿನ ಮೇಲೆ ಇಟ್ಟಿದ್ದ ನನ್ನ ಕಾರಿನ ಕೀಲಿ ಇಲ್ಲ.

"ಅಕ್ಕ, ಕೀಲಿ ನೋಡಿದ್ಯಾ?"

"ಮೊಟ್ಟೆ ಎಷ್ಟು ಹಾಕ್ಲಿ?" ಅಂದೆ ನೀನು.

"ಕೀಲಿ ಎಲ್ಲಿ ಅಂತ ಕೇಳ್ದೆ."

"ಪ್ರಸ್ಥಭೂಮಿ ಮೇಲೆ ಮೋಡ ಏಳ್ತಿದೆ. ಎರಡು ಹಾಕ್ತೀನಿ."

"ಅದು ಹತ್ತಿ ಉಂಡೆ ಥರ ಇರೋ ಮೋಡ! ಯಾವ ಮಳೇನೂ ಇಲ್ಲ ಅದರಲ್ಲಿ!"

"ಮೋಡದೊಳಗೆ ಹೋಗಿ ನೋಡ್ಕೊಂಡು ಬಂದ್ಯಾ?"

ಎಲ್ಲ ಮೇಜುಗಳ ಮುಂದೆ ಕೂತವರು ಮುಳ್ಳುಚಮಚ ಕೆಳಗಿಟ್ಟು ನೋಡುತ್ತಿದ್ದರು. ಡೆಲ್ಮಾರ್ ಒಬ್ಬನೇ ತನ್ನ ಬೂಟನ್ನು ಮೊದಲ ಸಲ ಕಂಡವನ ಹಾಗೆ ಬಗ್ಗಿ ನೋಡುತ್ತಿದ್ದ. ನಾನು ಸೋಫಾದ ಸಂದಿಗೆ ಕೈ ಹಾಕಿದೆ, ಕಸದ ಬುಟ್ಟಿ ತಡಕಿದೆ, ಐಸ್ ಯಂತ್ರದ ಹಿಂದೆ ಬಗ್ಗಿ ನೋಡಿದೆ. ಒಬ್ಬ ಹೆಂಗಸು ತನ್ನ ಗಂಡನಿಗೆ, "ಪಾಪ, ಏನೋ ಕಳ್ಕೊಂಡಿದಾರೆ" ಎಂದಳು. ಕಣಿವೆಯ ಬಾಯಿಗೆ ಒಂಬತ್ತು ಮೈಲಿ ಮಣ್ಣುದಾರಿ. ಆ ಹೊರೆ ಹೊತ್ತು ಬಿಸಿಲಲ್ಲಿ ನಡೆಯಲಾದೀತೇ? ಐದನೇ ಕೋಣೆಯ ಜರ್ಮನ್, ಸ್ಟುಟ್‌ಗಾರ್ಟಿನವನು, ಕಣಿವೆಗೆಂದು ಕ್ಯಾಮೆರಾ ಹೊತ್ತು ಜೀಪು ಹತ್ತಿದ. ನನ್ನನ್ನೂ ಕರೆದೊಯ್ಯಿ ಎಂದು ಕೇಳಲು ಓಡಿದೆ. ಅಷ್ಟರಲ್ಲಿ ನೀನು ಬಾಗಿಲಿಗೆ ಅಡ್ಡ ನಿಂತು, "ಇವನನ್ನ ಹತ್ತಿಸ್ಕೊಂಡ್ರೆ ನಿನ್ನ ಸಾಮಾನು ರಸ್ತೆ ಮೇಲೆ ಇರತ್ತೆ" ಎಂದು ಅವನಿಗೆ ಕೈಸನ್ನೆ ಸಮೇತ ಅರ್ಥ ಮಾಡಿಸಿದೆ.

ಆ ದಿನ ಒಂದು ಹನಿ ಬೀಳಲಿಲ್ಲ ನೆಡ್ರಾ. ಒಂದೇ ಒಂದು ಹನಿ. ಸಂಜೆ ಜರ್ಮನ್ ವಾಪಸು ಬಂದ. ಬೂಟು ಒಣಗಿತ್ತು. ನನ್ನ ಭುಜ ತಟ್ಟಿ, ಇಂಥ ಬೆಳಕನ್ನು ತನ್ನ ಜನ್ಮದಲ್ಲಿ ಕಂಡಿಲ್ಲ ಎಂದ. ಆಮೇಲೆ ನೀನು ಏಪ್ರನ್ ಜೇಬಿನಿಂದ ಕೀಲಿ ತೆಗೆದು, ನನ್ನ ತಟ್ಟೆಯ ಪಕ್ಕ ಇಟ್ಟು, "ಪೀಚ್ ಹಣ್ಣು ಹಾಕ್ಕೋ, ನಾನೇ ಬಾಟ್ಲಿಗೆ ತುಂಬಿದ್ದು" ಎಂದೆ.

ಪೀಚ್ ಹಣ್ಣು!

ನಾನು ಬರೆಯುವುದು ಇಷ್ಟೇ.

ಥೇನ್

&nbsp;

ಬಿಟರ್‌ವೆಲ್
ಜುಲೈ 30, 1981

ಥೇನ್,

ಹೌದು, ಬಚ್ಚಿಟ್ಟೆ. ನಾಳೆ ಅಂಥದೇ ಮೋಡ ಎದ್ದರೆ ನಾಳೆಯೂ ಬಚ್ಚಿಡುತ್ತೇನೆ. ಕ್ಷಮೆ ಕೇಳುತ್ತೇನೆಂದು ಕಾಯುತ್ತಿದ್ದರೆ ಕುರ್ಚಿ ಹಾಕಿಕೊಂಡು ಕೂರು.

ಮಳೆ ಬೀಳಲಿಲ್ಲ, ನಿಜ. ನನಗೆ ಗೊತ್ತಿರಲಿಲ್ಲ. ನಿನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಇಬ್ಬರಲ್ಲಿ ಒಬ್ಬರ ಹತ್ತಿರ ಕೀಲಿ ಇತ್ತು, ಅಷ್ಟೇ.

ನನಗೆ ಸಿಟ್ಟು ಬಂದಿರುವುದು ಬೇರೆ ಕಾರಣಕ್ಕೆ. ಬೆಳಗಾಗುವ ಮೊದಲೇ, ಹೇಳದೆ ಕೇಳದೆ ಹೊರಟುಹೋದೆ. ಹಾಸಿಗೆಯ ಬಟ್ಟೆ ಮಡಿಸಿಟ್ಟಿದ್ದೆ, ಯಾರೋ ಗಿರಾಕಿ ಬಂದು ಹೋದ ಹಾಗೆ. ಇದ್ದ ಅಷ್ಟು ದಿನವೂ ನೀನು ನನ್ನ ಜೊತೆ ಕೂತು ಎರಡು ಮಾತಾಡಲಿಲ್ಲ. ಸಂಜೆಯಾದರೆ ಪೆಟ್ರೋಲ್ ಬಂಕಿನ ಪಕ್ಕದ ಫೋನ್ ಪೆಟ್ಟಿಗೆಯೊಳಗೆ ಹೋಗಿ ನಿಲ್ಲುತ್ತಿದ್ದೆ. ನಂಬರು ತಿರುಗಿಸದೆ ಹೊರಗೆ ಬರುತ್ತಿದ್ದೆ. ಕಿಟಕಿಯಿಂದ ಎಲ್ಲ ಕಾಣುತ್ತದೆ. ಗಂಡಸು ಹೆಂಡತಿಗೆ ಹೆದರಬಾರದು ಎಂದಲ್ಲ, ಆದರೆ ಅದಕ್ಕೂ ಒಂದು ಮಿತಿ ಇದೆ. ಒಂದು ವಾರ ಅಕ್ಕನ ಮನೆಯಲ್ಲಿರಲು ಲೆನೋರಾಳ ಅಪ್ಪಣೆ ಬೇಕಾಗಿತ್ತೇ?

ನೀನು ಬಿಟ್ಟುಹೋದ ಕಾಫಿ ಡಬ್ಬಿಯನ್ನು ಡೆಲ್ಮಾರ್ ಕುಡಿದು ಮುಗಿಸುತ್ತಿದ್ದಾನೆ.

ನೆಡ್ರಾ

&nbsp;

ಬಿಟರ್‌ವೆಲ್
ಅಕ್ಟೋಬರ್ 19, 1981

ಥೇನ್,

ನನ್ನ ಹಿಂದಿನ ಪತ್ರಕ್ಕೆ ಉತ್ತರವಿಲ್ಲ. ಇರಲಿ.

ಮರಗಳು ಹಳದಿಯಾಗಿವೆ. ಈ ವರ್ಷ ಯಾಕೋ ಹಿಂದೆಂದೂ ಕಾಣದಷ್ಟು. ಸಂಜೆ ನಾಲ್ಕರ ಹೊತ್ತಿಗೆ ಪಶ್ಚಿಮದ ಗೋಡೆಯ ಕೆಳಗೆ ನಿಂತರೆ ಡೆಲ್ಮಾರನ ನರೆತ ಮೀಸೆ ಕೂಡ ಚಿನ್ನದ ಹಾಗೆ ಕಾಣುತ್ತದೆ. ಕೋಣೆಗಳು ಖಾಲಿ. ಗಡುವು ಮುಗಿದಿರಬಹುದು. ಪುಸ್ತಕಕ್ಕಲ್ಲದಿದ್ದರೂ ಸುಮ್ಮನೆ ಬರಬಹುದಲ್ಲ?

ಬಂದರೆ ಕಣಿವೆಗೆ ಮೇಲಿನ ದಾರಿಯಿಂದ ಹೋಗಬೇಕು. ಕೆಳಗಿನದು ರಿಪೇರಿಯಲ್ಲಿದೆ.

ನೆಡ್ರಾ

&nbsp;

ಫಿಲಡೆಲ್ಫಿಯಾ
ನವೆಂಬರ್ 27, 1981

ನೆಡ್ರಾ,

ಇದರ ಜೊತೆ ಒಂದು ಪತ್ರಿಕೆಯ ಪುಟ ಕತ್ತರಿಸಿ ಇಟ್ಟಿದ್ದೇನೆ. ಸ್ಪೂನ್ ಕಣಿವೆಯ ಸಂದು, ಬಿಸಿಲ ಕಂಬ, ಎರಡು ಪುಟದ ತುಂಬ. ಕೆಳಗೆ ಸಣ್ಣ ಅಕ್ಷರದಲ್ಲಿ ಹೆಸರು ಓದು. ನಿನ್ನ ಐದನೇ ಕೋಣೆಯವನು.

ಬೇಕಾದರೆ ಕಟ್ಟು ಹಾಕಿಸಿ ಕೌಂಟರಿನ ಹಿಂದೆ ತೂಗುಹಾಕು.

ಥೇನ್

&nbsp;

ಬಿಟರ್‌ವೆಲ್
ಡಿಸೆಂಬರ್ 6, 1981

ಥೇನ್,

ಚಿತ್ರ ನೋಡಿದೆ. ಚೆನ್ನಾಗಿದೆ. ಸುಳ್ಳು ಹೇಳಲಾರೆ, ಬಹಳ ಚೆನ್ನಾಗಿದೆ.

ಅವನು ಬದುಕಿ ಬಂದದ್ದು ಅವನ ಅದೃಷ್ಟ. ಅವನ ಅಕ್ಕ ಯಾರೋ ನನಗೆ ಗೊತ್ತಿಲ್ಲ.

ಕ್ರಿಸ್ಮಸ್‌ಗೆ ಇಬ್ಬರಿಗೂ ಶುಭಾಶಯ.

ನೆಡ್ರಾ

&nbsp;

ಬಿಟರ್‌ವೆಲ್
ಜನವರಿ 11, 1982

ಥೇನ್,

ಅಕ್ಷರ ಬೇರೆ ಇದೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಡೆಲ್ಮಾರ್ ಬರೆಯುತ್ತಿದ್ದಾನೆ. ನನಗೆ ಕೈತುಂಬ ಕೆಲಸ, ಅದಕ್ಕೇ.

(ಥೇನ್, ನಾನು ಡೆಲ್ಮಾರ್. ಅವಳ ಕೈಗೆ ಈಗ ಯಾವ ಕೆಲಸವೂ ಇಲ್ಲ. ಮಂಚದ ಮೇಲೆ ಮಲಗಿ ನನ್ನನ್ನು ಬೈಯುವುದೇ ಕೆಲಸ.)

ಹೊಸ ವರ್ಷದ ಮಾರನೆಯ ದಿನ ಹಿಂಬಾಗಿಲ ಮೆಟ್ಟಿಲ ಮೇಲೆ ಸ್ವಲ್ಪ ಜಾರಿದೆ. ಕಾಲು ಕೊಂಚ ಉಳುಕಿದೆ.

(ಮೊಣಕಾಲಿನ ಕೆಳಗೆ ಎರಡು ಕಡೆ ಮೂಳೆ ಮುರಿದಿದೆ. ತೊಡೆಯವರೆಗೆ ಪ್ಲಾಸ್ಟರ್. ಮಂಜಿನ ಮೇಲೆ ಬಿದ್ದವಳು ಕೂಗಿ ಕರೆಯಲೂ ಇಲ್ಲ. ನಲ್ಲಿ ನೋಡಲು ಬಂದ ನಾನು ಕಂಡದ್ದು. ಅಷ್ಟು ಹೊತ್ತು ಯಾಕೆ ಕೂಗಲಿಲ್ಲ ಅಂದ್ರೆ, "ಗಿರಾಕಿಗಳು ಮಲಗಿದ್ರು" ಅಂತಾಳೆ.)

ಚರ್ಚಿನ ಹೆಂಗಸರು ಸರದಿಯ ಮೇಲೆ ಬಂದು ಕೋಣೆ ಗುಡಿಸುತ್ತಾರೆ, ಆಲೂಗಡ್ಡೆ ಚೀಸಿನ ಪಾತ್ರೆ ತರುತ್ತಾರೆ. ಎಷ್ಟು ತಂದಿದ್ದಾರೆಂದರೆ ಬೇಸಿಗೆಯವರೆಗೂ ಉಣ್ಣಬಹುದು. ಏನೂ ಕೊರತೆಯಿಲ್ಲ. ನೀನು ಬರುವ ಅಗತ್ಯವಿಲ್ಲ. ಇದು ಫೋಟೋ ತೆಗೆಯುವ ಕಾಲವೂ ಅಲ್ಲ. ಸಂದಿನ ತಳಕ್ಕೆ ಬಿಸಿಲೇ ಇಳಿಯುವುದಿಲ್ಲ, ದಾರಿಯೆಲ್ಲ ಮಂಜುಗಡ್ಡೆ.

(ಚರ್ಚಿನ ಹೆಂಗಸರು ಇನ್ನೊಂದು ವಾರ ಬರಬಹುದು. ಅವಳ ಬಾಯಿಗೆ ಹೆದರಿ ಈಗಾಗಲೇ ಇಬ್ಬರು ನಿಲ್ಲಿಸಿದ್ದಾರೆ.)

ಡೆಲ್ಮಾರ್ ನಾನು ಹೇಳಿದ್ದಕ್ಕಿಂತ ಜಾಸ್ತಿ ಬರೆಯುತ್ತಿದ್ದಾನೆ ಎಂದು ಅನುಮಾನ. ಕನ್ನಡಕ ಕೊಡು ಎಂದರೆ ಸಿಗುತ್ತಿಲ್ಲ ಎನ್ನುತ್ತಾನೆ.

(ಕನ್ನಡಕ ನನ್ನ ಜೇಬಿನಲ್ಲಿದೆ. ಬಾ.)

ನೆಡ್ರಾ

&nbsp;

ಫಿಲಡೆಲ್ಫಿಯಾ
ಜನವರಿ 18, 1982

ಅಕ್ಕ,

ನಾಡಿದ್ದು ಹೊರಡುತ್ತೇನೆ. ಕೆಂಪು ಬಂಡೆಯ ಮೇಲೆ ಹಿಮ ಬಿದ್ದ ಚಿತ್ರಗಳು ಪ್ರಕಾಶಕರಿಗೆ ಬೇಕಂತೆ. ನಿನ್ನ ಕಾಲಿಗೂ ಇದಕ್ಕೂ ಸಂಬಂಧವಿಲ್ಲ.

ಥೇನ್

&nbsp;

ಫಿಲಡೆಲ್ಫಿಯಾ
ಮಾರ್ಚ್ 3, 1982

ಅಕ್ಕ,

ಮನೆ ತಲುಪಿದೆ. ದಾರಿಯಲ್ಲಿ ಟೈರು ಪಂಕ್ಚರಾದದ್ದು ಬಿಟ್ಟರೆ ತೊಂದರೆಯಿಲ್ಲ. ಊರುಗೋಲು ಬಿಟ್ಟು ನಡೆದಾಡಬೇಡ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಬೇಕಿಲ್ಲ. ಆದರೂ ನೆನಪಿಸುತ್ತಿದ್ದೇನೆ, ನೀನು ಈ ಪತ್ರವನ್ನು ಊರುಗೋಲು ಇಲ್ಲದೆ ನಿಂತು ಓದುತ್ತಿರುತ್ತೀಯ.

ಚಿತ್ರಗಳು ತೊಳೆದು ಬಂದವು. ಒಪ್ಪಿಕೊಳ್ಳಲು ಹೊಟ್ಟೆ ಉರಿಯುತ್ತದೆ, ನಿನ್ನ ಅಕ್ಟೋಬರೂ ಅಲ್ಲ, ನನ್ನ ಜುಲೈಯೂ ಅಲ್ಲ. ಚಳಿಗಾಲದಲ್ಲಿ ಸೂರ್ಯ ಇಡೀ ದಿನ ಓರೆಯಾಗಿಯೇ ಇರುತ್ತಾನೆ. ಬೆಳಿಗ್ಗೆ ಗಿರಾಕಿಗಳಿಗೆ ಮೊಟ್ಟೆ ಹುರಿದು, ನಿನ್ನಿಂದ "ಅದೇನು ಬೂಟಿನ ಅಟ್ಟೆನಾ?" ಎಂದು ಬೈಸಿಕೊಂಡು, ಪಾತ್ರೆ ತೊಳೆದು, ಆರಾಮಾಗಿ ಹೊರಟರೂ ಬೆಳಕು ಕಾಯುತ್ತಿರುತ್ತದೆ. ಬಂಡೆಯ ಒಂದೊಂದು ಪದರದ ಅಂಚಿಗೂ ಹಿಮ ಗೆರೆ ಎಳೆದಂತೆ ಕೂತಿತ್ತು. ನೆರಳಿನ ಗೋಡೆ ನೀಲಿ, ಬಿಸಿಲಿನ ಗೋಡೆ ಕೆಂಪು. ಇಡೀ ಕಣಿವೆಯಲ್ಲಿ ನನ್ನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಪ್ರಕಾಶಕರಿಗೆ ತೋರಿಸಿದೆ. "ಮರುಭೂಮಿ ಅಂದ್ರೆ ಜನ ಬಿಸಿ ನಿರೀಕ್ಷೆ ಮಾಡ್ತಾರೆ, ನೀವು ಐಸ್‌ಕ್ರೀಮ್ ತಂದಿದ್ದೀರಿ" ಎಂದರು. ಕೆಲವನ್ನು ಮಾತ್ರ ಇಟ್ಟುಕೊಂಡರು. ಸ್ಪೂನ್ ಕಣಿವೆಯ ದೊಡ್ಡ ಪುಟಕ್ಕೆ ಜರ್ಮನ್ನನ ಬಿಸಿಲ ಕಂಬವನ್ನು ತರಿಸಿಕೊಳ್ಳುತ್ತಾರಂತೆ. ನಗಬೇಕೋ ಅಳಬೇಕೋ ತಿಳಿಯದೆ ಮೆಟ್ಟಿಲಿಳಿದು ಬಂದೆ.

ಈಗ ಕೆಳಗಿನ ದಾರಿಯ ವಿಷಯ. ಒಂದು ದಿನ ನಿನಗೆ ಹೇಳದೆ ಆ ಕಡೆಯಿಂದ ಹೋದೆ. ನಡೆದು ದಾಟುವ ಸೇತುವೆ ಇರಲಿಲ್ಲ. ಅದರ ಕಬ್ಬಿಣದ ತೊಲೆ ಎಷ್ಟೋ ಕೆಳಗೆ ಒಂದು ಮರದ ಕವಲಿಗೆ, ನನ್ನ ತಲೆಗಿಂತ ಮೇಲೆ, ಹಸಿ ಕಡ್ಡಿಯ ಹಾಗೆ ಬಾಗಿ ಸಿಕ್ಕಿಕೊಂಡಿತ್ತು. ಡೆಲ್ಮಾರನನ್ನು ಹಿಡಿದು ಕೇಳಿದ್ದಕ್ಕೆ, "ಸೆಪ್ಟೆಂಬರ್ ಮೊದಲನೇ ವಾರ ಕಣಪ್ಪಾ. ಆಕಾಶ ನೀಲಿ ಇತ್ತು. ಹತ್ತಿ ಉಂಡೆ ಥರ ಮೋಡ. ಆವತ್ತು ಒಳಗೆ ಯಾರೂ ಇರಲಿಲ್ಲ, ದೇವರು ದೊಡ್ಡವನು" ಎಂದ. ಆ ರಾತ್ರಿ ಊಟಕ್ಕೆ ಕೂತಾಗ ನಿನ್ನನ್ನು ಕೇಳಿದೆ.

"ಯಾಕೆ ಬರೀಲಿಲ್ಲ ನನಗೆ?"

"ಏನಂತ ಬರೀಲಿ?"

"ನೀನು ಹೇಳಿದ್ದು ಸರಿ ಅಂತ! ಪ್ರವಾಹ ಬಂತು ಅಂತ!"

"ನೀನು ಬಂದಾಗ ಬರಲಿಲ್ವಲ್ಲ. ಅದೂ ಸರಿನೇ. ಉಪ್ಪು ಇತ್ತ ಕೊಡು."

ಅಷ್ಟೇ. ನಾನು ಪತ್ರಿಕೆಯ ಪುಟ ಕತ್ತರಿಸಿ ಕಳಿಸಿ ಚುಚ್ಚಿದಾಗಲೂ ನಿನ್ನ ಹತ್ತಿರ ಆ ಸೇತುವೆ ಇತ್ತು. ನೀನು ಅದನ್ನು ಬಳಸಲಿಲ್ಲ. ನಾನಾಗಿದ್ದರೆ ತಂತಿ ಕಳಿಸುತ್ತಿದ್ದೆ.

ನಿನ್ನ ಅಡುಗೆಮನೆಯಲ್ಲಿ ಅಷ್ಟು ವಾರ ಇದ್ದೂ ಹೇಳಲಾಗದ ಒಂದು ವಿಷಯ ಇದೆ. ದಿನಾ ಹೇಳೋಣ ಎಂದುಕೊಂಡೆ. ನೀನು ಯಾವುದಾದರೂ ಪಾತ್ರೆ ಸರಿಯಾಗಿ ತೊಳೆದಿಲ್ಲ ಎನ್ನುತ್ತಿದ್ದೆ, ನಾನು ಸಿಟ್ಟಾಗುತ್ತಿದ್ದೆ, ದಿನ ಮುಗಿಯುತ್ತಿತ್ತು.

ಲೆನೋರಾ ನನ್ನನ್ನು ಬಿಟ್ಟುಹೋಗಿ ಒಂದು ವರ್ಷವಾಯಿತು. ನಾನು ನಿನಗೆ ಪುಸ್ತಕದ ಸುದ್ದಿ ಬರೆದೆನಲ್ಲ, ಅದಕ್ಕೆ ಮೂರು ವಾರ ಮೊದಲು. ಜಗಳವೇನೂ ಆಗಲಿಲ್ಲ. "ನೀನು ಈ ಮನೇಲಿ ಇದ್ದೀಯೋ ಇಲ್ವೋ ಗೊತ್ತಾಗಲ್ಲ ಥೇನ್. ಇಲ್ಲ ಅಂತಲೇ ಅಂದ್ಕೊಂಡು ಬದುಕೋದು ಸುಲಭ" ಎಂದಳು. ಶಾಲೆಯ ಟರ್ಮು ಮುಗಿದ ಮೇಲೆ, ಜುಲೈ ಎರಡನೇ ವಾರ, ತನ್ನ ಸಾಮಾನು ಸಾಗಿಸಲು ತಮ್ಮಂದಿರ ಜೊತೆ ಬರುತ್ತೇನೆ ಎಂದು ತಿಳಿಸಿದ್ದಳು. ಆ ವಾರ ನಾನು ಆ ಮನೆಯಲ್ಲಿ ಇರಲಾರದವನಾಗಿದ್ದೆ. ಅದಕ್ಕೇ ಜುಲೈ. ಬಿಸಿಲ ಕಂಬ ಬೇಕಿತ್ತು, ಅದು ಸುಳ್ಳಲ್ಲ. ಆದರೆ ಬಿಸಿಲ ಕಂಬ ಮೇ ತಿಂಗಳಲ್ಲೂ ಸಿಗುತ್ತಿತ್ತು, ನೀನೇ ಬರೆದಿದ್ದೆ. ಸೆಪ್ಟೆಂಬರಿನ ಗಡುವು ನಾನೇ ಕಟ್ಟಿದ್ದು. ಪ್ರಕಾಶಕರು ಈ ಮಾರ್ಚಿನವರೆಗೆ ಸಮಯ ಕೊಟ್ಟಿದ್ದರು.

ಫೋನ್ ಪೆಟ್ಟಿಗೆಯಲ್ಲಿ ನಾನು ನಿಲ್ಲುತ್ತಿದ್ದದ್ದು, ಅವಳು ಎಲ್ಲ ತೆಗೆದುಕೊಂಡು ಹೋದಳೋ ಇಲ್ಲವೋ ಕೇಳಲು. ಕೇಳಲಾಗುತ್ತಿರಲಿಲ್ಲ. ವಾಪಸು ಬಂದು ಬಾಗಿಲು ತೆರೆದಾಗ ಗೋಡೆಯ ಮೇಲೆ ಕಪಾಟು ಇದ್ದ ಜಾಗ ಬೆಳ್ಳಗಿತ್ತು. ಆ ಗುರುವಾರ ನೀನು ಕೀಲಿ ಬಚ್ಚಿಡದಿದ್ದರೂ ಬೇರೆ ಯಾವುದಕ್ಕಾದರೂ ನಿನ್ನ ಮೇಲೆ ರೇಗುತ್ತಿದ್ದೆ ಎಂದು ಈಗ ಅನಿಸುತ್ತದೆ.

ಅವಳನ್ನು ಇನ್ನು ಮಹಾರಾಣಿ ಎನ್ನಬೇಡ. ಟವೆಲು ಒರಟಾಗಿದ್ದದ್ದು ನಿಜ.

ಥೇನ್

&nbsp;

ಬಿಟರ್‌ವೆಲ್
ಮಾರ್ಚ್ 11, 1982

ಥೇನ್,

ನಿನ್ನ ಪತ್ರವನ್ನು ಕೂತು ಓದಿದೆ. ನಿಂತು ಓದಿದ್ದರೆ ಇನ್ನೊಂದು ಕಾಲೂ ಮುರಿಯುತ್ತಿತ್ತು.

ಎಂಥ ಮನುಷ್ಯನೋ ನೀನು! ಒಂದು ವರ್ಷ! ಒಂದು ವರ್ಷವಿಡೀ ನಾವಿಬ್ಬರೂ ಎಲೆಯ ಬಣ್ಣ, ಮೋಡದ ಗಾತ್ರ, ಸೂರ್ಯನ ಓರೆ ಅಂತ ಅಂಚೆಚೀಟಿ ದಂಡ ಮಾಡಿದೆವು. ಮನೆ ಬಿಟ್ಟುಹೋದ ಹೆಂಗಸನ್ನು ನಾನು ಪತ್ರಪತ್ರದಲ್ಲೂ ಚುಚ್ಚಿದೆ. ಕ್ರಿಸ್ಮಸ್‌ಗೆ ಇಬ್ಬರಿಗೂ ಶುಭಾಶಯ ಎಂದು ಬರೆದೆ! ಅದನ್ನು ಓದಿ ನೀನು ಏನು ಮಾಡಿದೆಯೋ, ನೆನೆದರೆ ನನಗೆ ನನ್ನ ಮೇಲೇ ರೇಗುತ್ತದೆ. ಆಮೇಲೆ ನಿನ್ನ ಮೇಲೆ. ನಿನ್ನ ಮೇಲೆಯೇ ಹೆಚ್ಚು.

ಒಂದು ಸಾಲು ಬರೆಯಲು ಏನಾಗಿತ್ತು ನಿನಗೆ? "ಅಕ್ಕ, ಈ ವಾರ ನನಗೆ ಮನೇಲಿರೋಕೆ ಆಗ್ತಿಲ್ಲ." ಇಷ್ಟು ಬರೆದಿದ್ದರೆ ಜುಲೈ ಅಲ್ಲ, ಮನೆಗೆ ಬೆಂಕಿ ಬಿದ್ದ ದಿನವಾದರೂ ಬಾ ಎನ್ನುತ್ತಿದ್ದೆ. ಕಲ್ಲಂಗಡಿ ಸಂಸಾರಗಳನ್ನು ಓಡಿಸಿ ನಿನಗೆ ಎಲ್ಲಕ್ಕಿಂತ ಒಳ್ಳೆಯ ಕೋಣೆ ಕೊಡುತ್ತಿದ್ದೆ. ಫೋಟೋ ತೆಗೆಯಲು ಜುಲೈ ಕೆಟ್ಟ ಕಾಲ. ಅಕ್ಕನ ಮನೆಗೆ ಓಡಿಬರಲು ಯಾವ ತಿಂಗಳು ಕೆಟ್ಟದ್ದಿದೆ? ನೀನು ಕೇಳಿದ ಪ್ರಶ್ನೆಯೇ ಬೇರೆ, ನಾನು ಕೊಟ್ಟ ಉತ್ತರವೇ ಬೇರೆ.

ಆದರೂ ಆ ಗುರುವಾರ ಸಂದಿನೊಳಗೆ ಬಿಡುತ್ತಿರಲಿಲ್ಲ. ಅದು ಬೇರೆ ಮಾತು.

ಲೆನೋರಾಗೆ ನಾನೊಂದು ಪತ್ರ ಬರೆಯುತ್ತೇನೆ. ಹೆದರಬೇಡ, ವಾಪಸು ಬಾ ಎಂದು ಅಲ್ಲ. ಅದು ನಿಮ್ಮಿಬ್ಬರದು. ನನ್ನ ನಾಲಿಗೆಗೆ ಅವಳ ಹತ್ತಿರ ಒಂದು ಲೆಕ್ಕ ಬಾಕಿ ಇದೆ, ಅದನ್ನು ತೀರಿಸಬೇಕು. ವಿಳಾಸ ಕಳಿಸು. ಅವಳು ಹೇಳಿದ ಮಾತು, ಇದ್ದೀಯೋ ಇಲ್ಲವೋ ಗೊತ್ತಾಗುವುದಿಲ್ಲ ಎಂದದ್ದು, ಅದನ್ನು ನಾನು ಎರಡು ಸಲ ಓದಿದೆ. ಜುಲೈನಲ್ಲಿ ನನಗೂ ಹಾಗೇ ಆಗಿತ್ತು. ಚಳಿಗಾಲದಲ್ಲಿ ಆಗಲಿಲ್ಲ. ನೀನು ದಿನಾ ಮೊಟ್ಟೆ ಸೀಯಿಸುತ್ತಿದ್ದೆ, ಪೈಪು ಒಡೆದಾಗ ಡೆಲ್ಮಾರನ ಜೊತೆ ನೆಲದಡಿ ತೆವಳಿ ಕೆಸರು ಮೆತ್ತಿಕೊಂಡು ಬಂದೆ, ನನ್ನ ಊರುಗೋಲನ್ನು ಬಾಗಿಲಿಗೆ ಒರಗಿಸಿಟ್ಟು ಮೂರು ಸಲ ಬೀಳಿಸಿದೆ. ಬೇಸರವಾಗುವಷ್ಟು ಇದ್ದೆ. ನೀನು ಹೋದ ಮೇಲೆ ಅಡುಗೆಮನೆ ಸ್ವಚ್ಛವಾಗಿದೆ, ಅದೇ ನನಗೆ ಸರಿಹೋಗುತ್ತಿಲ್ಲ.

ಪ್ಲಾಸ್ಟರ್ ತೆಗೆದಿದ್ದಾರೆ. ಕಾಲು ಕೋಳಿಯ ಕಾಲಿನ ಹಾಗೆ ಸಣ್ಣಗಾಗಿದೆ. ಡಾಕ್ಟರು ಈ ಬೇಸಿಗೆಯಲ್ಲಿ ಮೆಟ್ಟಿಲು ಹತ್ತಬಾರದು ಎಂದಿದ್ದಾನೆ, ಕೋಣೆಗಳನ್ನೆಲ್ಲ ಆಗಲೇ ಜನ ಕಾದಿರಿಸಿದ್ದಾರೆ. ಡೆಲ್ಮಾರ್ ಹಾಸಿಗೆ ಹಾಸಿದರೆ ಅದರ ಮೇಲೆ ಕುದುರೆ ಕೂಡ ಮಲಗುವುದಿಲ್ಲ.

ಇದನ್ನು ಓದಿ ನೀನು ಏನು ಮಾಡುತ್ತೀಯ ಎಂದು ನನಗೆ ಗೊತ್ತು. ಕ್ಯಾಲೆಂಡರ್ ತೆಗೆದು ಕೂರುತ್ತೀಯ. ಏಪ್ರಿಲ್ ಆದರೆ ಗಾಳಿ, ಜೂನ್ ಆದರೆ ಸೆಕೆ, ಯಾವಾಗ ಬಂದರೆ ಒಳ್ಳೆಯದು ಎಂದು ನಾಲ್ಕು ಪುಟ ಬರೆಯುತ್ತೀಯ. ನಾನು ಅದಕ್ಕೆ ಐದು ಪುಟ ಬರೆಯಬೇಕಾಗುತ್ತದೆ. ನನಗೆ ಸಾಕಾಗಿದೆ ಥೇನ್.

ಯಾವಾಗ ಬರಲಿ ಎಂದು ಬರೆಯಬೇಡ. ಬಾ.

ನಿನ್ನ ಅಕ್ಕ
ನೆಡ್ರಾ